ನನ್ನ ಮಾತು ಕೇಳದ ಬಾಯಿ

ಹೇಳಿದ ಮಾತು ಕೇಳದವರು ಪ್ರತಿ ಆಫೀಸಿನಲ್ಲೂ ಒಬ್ಬರಾದರೂ ಇರುತ್ತಾರೆ. ಅಂಥವರಿಗೆ ಅಧಿಕಾರಿಯಾಗುವ ಯೋಗ ಮಾತ್ರ ಯಾಕೋ ನನ್ನಂಥ ಮೆತ್ತನೆಯವನಿಗೇ ಬರುತ್ತದೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಠಾಣೆ ಹತ್ತಿರದ ತುರ್ಭೆಯಲ್ಲಿ ಒಂದು ಪೈಪ್ ಕಂಪನಿಯ ಗೋದಾಮಿಗೆ ನಾನು ಮ್ಯಾನೇಜರ್ ಆಗಿ ಸೇರಿದೆ. ನಾನು ಮೈಸೂರಿನವನು. ಬೀದಿನಾಯಿ ಅಡ್ಡ ಬಂದರೂ "ಸ್ವಲ್ಪ ಆ ಕಡೆ ಹೋಗ್ತೀರಾ" ಅನ್ನುವ ಪೈಕಿ. ಅಲ್ಲಿ ಟೆಲಿಫೋನ್ ನೋಡಿಕೊಳ್ಳುತ್ತಿದ್ದವರು ಸೊಲ್ಲಾಪುರ ಕಡೆಯ ಕನ್ನಡದ ಹೆಂಗಸು, ನನಗಿಂತ ಸಾಕಷ್ಟು ಹಿರಿಯರು. ಎಲ್ಲರೂ ಅವರನ್ನು 'ಬಾಯಿ' ಎನ್ನುತ್ತಿದ್ದರು. ಮರಾಠಿಯಲ್ಲಿ ಅದು ಹೆಂಗಸರನ್ನು ಕರೆಯುವ ಮಾತು. ನನಗೆ ಮಾತ್ರ ಅದರ ಕನ್ನಡದ ಅರ್ಥವೇ ಸರಿ ಅನ್ನಿಸುತ್ತಿತ್ತು.

ಮೊದಲ ಮೀಟಿಂಗ್

ಸೇರಿದ ದಿನವೇ ಹೇಳಿದೆ, "ನಾಳೆ ಒಂಬತ್ತೂವರೆಗೆ ಮೀಟಿಂಗ್. ಎಲ್ಲರಿಗೂ ತಿಳಿಸಿಬಿಡಿ ಮೇಡಂ."

"ನಾ ತಿಳಸಂಗಿಲ್ರಿ."

"ಯಾಕೆ?"

"ಮಂದಿ ಡೊಂಬಿವಲಿಯಿಂದ ಬರ್ತಾರ್ರೀ. ಠಾಣೆದಾಗ ಗಾಡಿ ಬದಲಿ ಮಾಡಬೇಕು. ಹತ್ತರ ಒಳಗ ಯಾರೂ ಮುಟ್ಟಂಗಿಲ್ಲ."

ಮೊದಲ ದಿನವೇ ಸೋಲಬಾರದೆಂದು ನಾನೇ ಬೋರ್ಡಿನ ಮೇಲೆ ಬರೆದೆ. ಮರುದಿನ ಒಂಬತ್ತೂವರೆಗೆ ಹಾಜರಿದ್ದವರು ನಾನು ಮತ್ತು ಬಾಯಿ ಇಬ್ಬರೇ. ಅವರ ಮನೆ ತುರ್ಭೆಯಲ್ಲೇ. ಹಟಕ್ಕೆ ಬಿದ್ದು ಶಿಸ್ತಿನ ಬಗ್ಗೆ ಸಿದ್ಧ ಮಾಡಿಕೊಂಡಿದ್ದ ಭಾಷಣವನ್ನು ಪೂರ್ತಿ ಹೇಳಿದೆ. ಬಾಯಿ ಕೈಕಟ್ಟಿ ಕೇಳಿದರು. ಕೊನೆಗೆ ಎದ್ದು ಹೇಳಿದರು, "ಛಲೋ ಆತ್ರಿ ಸಾಹೇಬ್ರ. ಯಾರೂ ವಿರೋಧ ಮಾಡಲಿಲ್ಲ."

ಸೀಟಿನಲ್ಲಿ ಇಲ್ಲ

ಒಬ್ಬ ಟ್ರಾನ್ಸ್‌ಪೋರ್ಟಿನವನ ಜೊತೆ ನನಗೆ ಜಗಳವಾಗಿತ್ತು. ಅವನ ಲಾರಿಯಲ್ಲಿ ಪೈಪುಗಳು ಒಡೆದಿದ್ದವು, ತಪ್ಪು ನಿಮ್ಮವರದೇ ಅಂತ ಅವನು. ದಿನವಿಡೀ ಫೋನ್. ಬೇಸತ್ತು ಬಾಯಿಗೆ ಹೇಳಿದೆ, "ಅವನು ಮಾಡಿದರೆ ನಾನು ಸೀಟಿನಲ್ಲಿ ಇಲ್ಲ ಅಂದುಬಿಡಿ."

"ಸುಳ್ಳ ಹೇಳಂಗಿಲ್ರಿ ನಾ."

"ಇದು ಸುಳ್ಳಲ್ಲ ಮೇಡಂ, ಆಫೀಸಿನ ಪದ್ಧತಿ."

ಅಷ್ಟರಲ್ಲಿ ಅವನದೇ ಫೋನ್ ಬಂತು. ಬಾಯಿ ಎತ್ತಿಕೊಂಡು ಹಿಂದಿಯಲ್ಲಿ ಸ್ಪಷ್ಟವಾಗಿ ಹೇಳಿದರು: ಸಾಹೇಬರು ಇಲ್ಲೇ ಇದ್ದಾರೆ, ಚಹಾ ಕುಡಿಯುತ್ತಿದ್ದಾರೆ, ನಿಮ್ಮ ಹತ್ತಿರ ಮಾತಾಡುವ ಮನಸ್ಸಿಲ್ಲವಂತೆ.

ನಾನು ಚಹಾ ಲೋಟ ಕೆಳಗಿಟ್ಟೆ. ಆ ಕಡೆಯವನು ಗಹಗಹಿಸಿ ನಕ್ಕನಂತೆ. ಸಂಜೆ ತಾನೇ ಬಂದು ಕೂತ, ಜಗಳ ಅರ್ಧ ಗಂಟೆಯಲ್ಲಿ ಮುಗಿಯಿತು. ಆಮೇಲೆ ಅವನಷ್ಟು ಒಳ್ಳೆಯ ಗೆಳೆಯ ನನಗೆ ಆ ಊರಲ್ಲಿ ಇನ್ನೊಬ್ಬ ಸಿಗಲಿಲ್ಲ. ಆದರೆ ಅವನು ಫೋನ್ ಮಾಡಿದಾಗಲೆಲ್ಲ ಬಾಯಿಯ ಹತ್ತಿರ ಮೊದಲು ಕೇಳುತ್ತಿದ್ದದ್ದು ಒಂದೇ, ಇವತ್ತು ಸಾಹೇಬರಿಗೆ ಮನಸ್ಸಿದೆಯಾ ಅಂತ: "ಸಾಬ್ ಕಾ ಮನ್ ಹೈ ಕ್ಯಾ ಆಜ್?"

ಬೈಯುವ ಪಾಠ

ಈ ಸುದ್ದಿ ನಮ್ಮ ಸೇಠ್ ಕಿವಿಗೆ ಬಿತ್ತು. ಕಂಪನಿಯ ಮಾಲೀಕರು, ಕಟ್ಟುನಿಟ್ಟಿನ ಮನುಷ್ಯ. "ಎಲ್ಲರ ಎದುರಿಗೆ ಆಕೆಯನ್ನು ಬೈಯಬೇಕು. ಇಲ್ಲವಾದರೆ ನೀವೆಂಥ ಮ್ಯಾನೇಜರ್?" ಎಂದರು.

ಎಲ್ಲರಿಗೂ ಅರ್ಥವಾಗಬೇಕೆಂದರೆ ಮರಾಠಿಯಲ್ಲೇ ಬೈಯಬೇಕು. ಐರೋಲಿಯ ನನ್ನ ಮನೆಯಲ್ಲಿ ಕನ್ನಡಿ ಮುಂದೆ ಅಭ್ಯಾಸ ಮಾಡಿದೆ. ನನ್ನ ಹೆಂಡತಿ, "ಬೈತಾ ಇದೀರೋ ಸಾಲ ಕೇಳ್ತಾ ಇದೀರೋ?" ಅಂದಳು. ಮರುದಿನ ಎಲ್ಲರನ್ನೂ ನಿಲ್ಲಿಸಿ, ಮೇಜು ಗುದ್ದಿ, ಇಲ್ಲಿ ನನ್ನ ಮಾತೇ ಕೊನೆಯ ಮಾತು ಎಂಬರ್ಥದಲ್ಲಿ ಗುಡುಗಿದೆ: "ಇಥೇ ಮಾಝೀ ಶಬ್ದ ಶೇವಟಚೀ!"

"ಮಾಝಾ," ಅಂದರು ಬಾಯಿ ಶಾಂತವಾಗಿ. "ಮಾಝಾ ಶಬ್ದ ಶೇವಟಚಾ. ಮರಾಠಿಯೊಳಗ ಶಬ್ದ ಗಂಡಸ್ರೀ. ನೀವು ಹೆಂಗಸು ಮಾಡೀರಿ."

ನಾನು ತಿದ್ದಿಕೊಂಡು ಇನ್ನೊಮ್ಮೆ ಗುಡುಗಿದೆ.

"ಹಾಂ, ಈಗ ಬರೋಬರಿ ಆತು. ಮುಂದ ಬೈರಿ."

ಕೊನೆಯ ಮಾತು ನನ್ನದು ಎಂದು ಸಾರಿದ ವಾಕ್ಯಕ್ಕೂ ಕೊನೆಯ ಮಾತು ಅವರದೇ ಆಯಿತು.

ಟೆಂಪೋ ಸವಾರಿ

ಒಂದು ಮಧ್ಯಾಹ್ನ ಎದೆ ಹಿಂಡಿದಂತಾಯಿತು. ಬೆಳಿಗ್ಗೆ ತಿಂದ ವಡಾಪಾವ್ ಕಾರಣ ಎಂದುಕೊಂಡೆ. "ಒಂದು ಸೋಡಾ ತರಿಸಿ. ಯಾರಿಗೂ ಹೇಳಬೇಡಿ. ಬಾಗಿಲು ಹಾಕಿಕೊಂಡು ಹೋಗಿ," ಎಂದೆ. ಬಾಯಿ ನನ್ನ ಮುಖವನ್ನೇ ನೋಡಿದರು. ಸೋಡಾ ಬರಲಿಲ್ಲ. ಬಾಗಿಲು ಹಾಕುವ ಬದಲು ಎರಡೂ ಕದ ಹಾರುಹೊಡೆದು ಇಬ್ಬರು ಹಮಾಲರನ್ನು ಕರೆತಂದರು. ಅವರು ನನ್ನನ್ನು ಎತ್ತಿ, ಪೈಪು ತುಂಬಿ ನಿಂತಿದ್ದ ಟೆಂಪೋದ ಮುಂದಿನ ಸೀಟಿನಲ್ಲಿ ಕೂರಿಸಿದರು.

"ಇದು ನನ್ನ ಆರ್ಡರ್! ಗಾಡಿ ನಿಲ್ಲಿಸು!" ಎಂದು ಡ್ರೈವರಿಗೆ ಹೇಳಿದೆ. ಪಕ್ಕದಲ್ಲಿ ಕೂತು ನನ್ನನ್ನು ಹಿಡಿದುಕೊಂಡಿದ್ದ ಬಾಯಿ, "ಸಾಬ್ ಕೀ ಮತ್ ಸುನ್, ಭಗಾ!" ಎಂದು ಗಾಡಿ ಓಡಿಸಲು ಹೇಳಿದರು. ಅವನು ಯಾರ ಮಾತು ಕೇಳಿದನೆಂದು ಹೇಳಬೇಕಾಗಿಲ್ಲ.

ವಾಶಿಯ ಆಸ್ಪತ್ರೆಯಲ್ಲಿ ನರ್ಸ್ ಕೇಳಿದಳು, "ಪೇಷಂಟ್ ನಿಮಗೆ ಏನಾಗಬೇಕು?"

ಅಂಥ ನೋವಿನಲ್ಲೂ ಬಾಯಿಯ ಉತ್ತರ ನನಗೆ ಕೇಳಿಸಿತು: "ಮೇರೇ ಅಂಡರ್ ಮೇ ಕಾಮ್ ಕರ್ತೇ ಹೈ." ನಾನು ಅವರ ಕೈಕೆಳಗೆ ಕೆಲಸ ಮಾಡುವವನಂತೆ!

ಎಳನೀರು

ಅದು ವಡಾಪಾವ್ ಅಲ್ಲ, ಹೃದಯಾಘಾತ. ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಬಾಯಿ ಜೀವನದಲ್ಲಿ ನನ್ನ ಆ ಒಂದು ಆರ್ಡರ್ ಪಾಲಿಸಿದ್ದರೆ ಇದನ್ನೆಲ್ಲ ಹೇಳಲು ನಾನಿರುತ್ತಿರಲಿಲ್ಲ. ಅದು ಹೊಳೆದಾಗ ಗೋಡೆ ಕಡೆ ತಿರುಗಿಕೊಂಡು ಅತ್ತುಬಿಟ್ಟೆ.

ಆಂಜಿಯೋಪ್ಲಾಸ್ಟಿ ಮರುದಿನ ಬೆಳಿಗ್ಗೆ ಎಂದು ನಿಗದಿಯಾಗಿತ್ತು. ಹೆಂಡತಿ ಬಟ್ಟೆ ತರಲು ಮನೆಗೆ ಹೋಗಿದ್ದಾಗ ಬಾಯಿ ಬಾಗಿಲಲ್ಲಿ ಕಾವಲು ಕೂತಿದ್ದರು. ಆಗ ಸೇಠ್ ಬಂದರಂತೆ. "ಆಫೀಸಿನ ಮಾತಿದ್ದರೆ ಮುಂದಿನ ವಾರ ಬನ್ನಿ," ಎಂದು ಬಾಯಿ ಅವರನ್ನು ಅಲ್ಲಿಂದಲೇ ವಾಪಸ್ ಕಳಿಸಿದ್ದರು.

ಎರಡು ದಿನ ಬಿಟ್ಟು ಸೇಠ್ ಫೋನ್ ಮಾಡಿದರು. ದನಿ ಬಹಳ ಸಣ್ಣದಾಗಿತ್ತು. "ಬಾಯಿ ಹತ್ತಿರ ಇಲ್ಲ ತಾನೇ? ಆ ದಿನ ಎಳನೀರು ತಂದು ಅವರ ಕೈಗೆ ಕೊಟ್ಟಿದ್ದೆ. ಕುಡಿದಿರಾ?"

ನನಗೆ ಯಾವ ಎಳನೀರೂ ಸಿಕ್ಕಿರಲಿಲ್ಲ. ಸಂಜೆ ಬಾಯಿ ನೋಡಲು ಬಂದಾಗ ಮೊದಲು ಕೈಮುಗಿದೆ. "ಅಕ್ಕಾ, ನೀವು ಇಲ್ಲದಿದ್ದರೆ..." ಎಂದು ಶುರುಮಾಡಿದೆ.

"ಸುಮ್ಮನ ಮಲಗ್ರಿ," ಎಂದು ಗದರಿದರು. ಅವರ ಕಣ್ಣೂ ಒದ್ದೆಯಾಗಿತ್ತು.

ಮಾತು ಬದಲಿಸಲು ಕೇಳಿದೆ, "ಸೇಠ್ ತಂದ ಎಳನೀರು ಏನಾಯಿತು?"

"ಡಾಕ್ಟರ್ ನಿಮಗ ಒಂದ ಹನಿ ನೀರೂ ಕೊಡಬ್ಯಾಡ್ರಿ ಅಂದಿದ್ದರು. ದೊಡ್ಡವರ ಮಾತು ಮೀರಬಾರದು ನೋಡ್ರಿ," ಎಂದು ಬಾಯಿ ಸೆರಗು ಸರಿಮಾಡಿಕೊಂಡರು. "ಅದಕ್ಕ ನಾನ ಕುಡದೆ."