ತಾರಿನಾಗ ಹೊಂಟ ಆನಿ

ತಾರು ಕಚೇರಿಯಲ್ಲಿ ಕುಂತವನಿಗೆ ದಿನಕ್ಕೊಂದು ಸಿಟ್ಟು ಬರೋದು ತಪ್ಪಿದ್ದಲ್ಲ; ತಪ್ಪು ಮಾಡುವವರು ಯಾರೋ, ಮಾತು ಕೇಳುವವ ನಾನು. ತಡಸದ ಹೊಲದಾಗ ಬೆಳೆದ ಈ ಕೈ ಒಮ್ಮೆ ಟೆಲಿಗ್ರಾಂ ಯಂತ್ರ ಕುಟ್ಟತೊಡಗಿದರೆ ಶಿಗ್ಗಾಂವಿ, ಹಿರೇಕೆರೂರು ಎಲ್ಲಾ ಕಡೆ ಸರಿಸಾಟಿ ಇರಲಿಲ್ಲ. ಇದು ಜಂಬವಲ್ಲ, ಖರೇ ಮಾತು.

೧. ಹೆಬ್ಬೆಟ್ಟು

ಸವಣೂರಿನಲ್ಲಿದ್ದಾಗ ಒಬ್ಬ ಹಿರಿಯ ರೈತ ಅಳಿಯನಿಗೆ ‘ಮಗಳನ್ನು ಕರಕೊಂಡು ಬಾ’ ಎಂದು ತಾರು ಬರೆಸಿ, ಕೆಳಗೆ ಹೆಬ್ಬೆಟ್ಟು ಒತ್ತಿದ.

“ಇದನ್ನೂ ಕಳಸ್ರಿ.”

“ಯಜಮಾನ್ರ, ತಾರಿನಾಗ ಅಕ್ಷರ, ಅಂಕಿ ಅಷ್ಟ ಹೋಗ್ತಾವು.”

“ಇಷ್ಟುದ್ದ ಮಾತು ಹೋಗ್ತೈತಿ, ಒಂದು ಬಟ್ಟು ಹೋಗೂದಿಲ್ಲ? ಅದಿಲ್ಲಂದ್ರ ಅಳಿಯ ನಂಬೂದಿಲ್ಲ.”

ಅರ್ಧ ತಾಸು ಗುದ್ದಾಡಿ, ಕಡೆಗೆ ‘ಹೆಬ್ಬೆಟ್ಟು ಒತ್ತಿದೆ’ ಎಂದು ಸೇರಿಸಿ ಕಳಿಸಿದೆ. ಸಂಜೆಗೆ ಅಳಿಯನ ತಾರು ಬಂತು: ‘ಎಡಗೈದೋ ಬಲಗೈದೋ?’

೨. ಎಕ್ಸು ಮತ್ತು ಓ

ಹಾನಗಲ್ಲಿನಲ್ಲಿ ಬಾಯಾರೊಬ್ಬರು ಕೂಸಿನ ತಲೆಗೆ ಕಟ್ಟುವ ಹಳೇ ಕುಂಚಿಗಿ ಹಿಡಿದು ಬಂದರು. ಅದರ ಮೇಲೆ ಕಸೂತಿಯ ಆನೆ.

“ತಮ್ಮಾ, ತಂಗಿ ಕೂಸಿನ ತೊಟ್ಟಲ ಕಾರ್ಯಕ್ಕ ನಾಕ ದಿನ ಅದ. ನಮ್ಮ ಮನ್ಯಾಗ ಎಲ್ಲಾ ಕೂಸಿಗೂ ಇದ ಆನಿ ಕುಂಚಿಗಿ. ಟಪಾಲು ಅಷ್ಟರಾಗ ಮುಟ್ಟೂದಿಲ್ಲ. ತಾರಿನಾಗ ಕಳಸಲಿಕ್ಕೆ ಬರ್ತದೇನು?”

ಬೇರೆಯವನಾಗಿದ್ದರೆ ನಕ್ಕು ಕಳಿಸುತ್ತಿದ್ದ. ನಾನು ಬಿಡ್ತೇನೆಯೆ? ಕಸೂತಿ ಅಂದರೆ ಎಳೆ ಎಣಿಸಿ ಹಾಕುವ ಹೊಲಿಗೆ. ಚೌಕಳಿ ಹಾಳೆಯಲ್ಲಿ ಹೊಲಿಗೆ ಇದ್ದ ಮನೆಗೆ ಎಕ್ಸ್, ಖಾಲಿ ಮನೆಗೆ ಓ ಬರೆದು, ಇಡೀ ಆನೆಯನ್ನು ಸಾಲು ಸಾಲು ಅಕ್ಷರ ಮಾಡಿ ಕುಟ್ಟಿದೆ. ಅದನ್ನು ಓದಿ ತಂಗಿ ಅಲ್ಲೇ ಹೊಸ ಕುಂಚಿಗಿ ಮೇಲೆ ಹೊಲಿಯುವ ಬಗೆಯನ್ನೂ ಮೊದಲಿಗೇ ಸೇರಿಸಿದೆ. ಒಂದಕ್ಷರ ತಪ್ಪಿಲ್ಲ!

ಮರುದಿನ ತಂಗಿಯ ತಾರು: ‘ಹಂದಿ ಮುಟ್ಟಿತು. ಆನೆ ಕಳಿಸು.’

೩. ಆರು ಸಾಲು

ಮೈಯೆಲ್ಲಾ ಉರಿದುಹೋಯಿತು. ಆಚೆ ಊರಿನ ಗುಮಾಸ್ತನನ್ನು ತಾರಿನಲ್ಲೇ ಝಾಡಿಸಿದೆ. ಅವನ ಉತ್ತರ ಕೇಳಿ: “ಕಡೇ ಆರು ಸಾಲು ಒಂದೇ ನಮೂನಿ ಇದ್ವು. ಕೈತಪ್ಪಿ ಮತ್ತ ಮತ್ತ ಕುಟ್ಟೀರಿ ಅಂತ ಒಂದು ಇಟ್ಟು ಐದು ತಗದೆ.”

ಕೈತಪ್ಪಿ! ನನ್ನ ಕೈ! ಆ ಆರು ಸಾಲೇ ಆನೆಯ ಕಾಲು, ಸೊಂಡಿಲು!

ಈ ಸಲ ಅರ್ಧ ನುಂಗಿದರೂ ಅರ್ಧ ಉಳಿಯಲಿ ಎಂದು ಪ್ರತಿ ಸಾಲನ್ನೂ ಎರಡೆರಡು ಸಲ ಕುಟ್ಟಿದೆ. ಬೈಸಿಕೊಂಡಿದ್ದ ಗುಮಾಸ್ತ ಈ ಸಲ ಒಂದು ಓ ಸಹ ಬಿಡಲಿಲ್ಲ.

ತೊಟ್ಟಲ ಮುಗಿದ ಮೇಲೆ ಬಾಯಾರು ಫೋಟೋ ತಂದು ನನ್ನ ಮುಂದಿಟ್ಟರು. ಕೂಸಿನ ನೆತ್ತಿಯ ಮೇಲೆ ಮಾರುದ್ದ ಕಾಲಿನ ಒಂಟೆ ನಿಂತಿತ್ತು.

“ಬಾಯಾರ, ನಂದೇನೂ ತಪ್ಪಿಲ್ರಿ!” ಅಂದೆ.

“ನಿಂದ್ಯಾಕ ತಪ್ಪೋ ತಮ್ಮಾ? ಹಂದಿ ಮುಟ್ಟಿತು, ಒಂಟಿ ಮುಟ್ಟಿತು. ಆನಿ ದೊಡ್ಡ ಜೀವ, ನಿನ್ನ ತಾರಿನಾಗ ಇನ್ನೂ ನಡಕೋತ ಹೊಂಟಿರಬೇಕು.”