ಅಧ್ಯಕ್ಷರ ಕೋಟು

ಊರಿನ ಅಧ್ಯಕ್ಷ ಕಿವುಂಬಿ ತಮ್ಮ ಕೋಟನ್ನು ಎರವಲು ಕೊಟ್ಟದ್ದೇ ಇಷ್ಟಕ್ಕೆಲ್ಲ ಕಾರಣ. ಕೋಟು ಕೊಡಲಿ, ಬೇಡ ಎಂದವರಾರು? ಆದರೆ ಅದರ ಒಳಜೇಬಿನಲ್ಲಿ ಊರಿನ ಸೀಲು ಇತ್ತು.

ಲುಟಾಯ ಮೇಷ್ಟ್ರು ಬೆಳಿಗ್ಗೆ ಎಂಟಕ್ಕೇ ಅರ್ಜಿ ಹಿಡಿದು ಅಧ್ಯಕ್ಷರ ಅಂಗಳದಲ್ಲಿ ನಿಂತಿದ್ದರು. ದೂರದೇಶದ ಹತ್ತು ಹನ್ನೆರಡು ಮಂದಿ ಬಿಡುವಿನ ವೇಳೆಯಲ್ಲಿ ನಡೆಸುವ ಪುಟ್ಟ ಸಂಘವೊಂದು ವರ್ಷಕ್ಕೆ ಊರಿಗೊಂದು ಮಗುವನ್ನು ಹೈಸ್ಕೂಲು ಓದಿಸುತ್ತಿತ್ತು. ಆ ಮಗುವನ್ನು ಹುಡುಕಿ ಹೆಸರು ಕಳಿಸುವ ಬಿಟ್ಟಿ ಕೆಲಸ ಮೇಷ್ಟ್ರದು. ಈ ಸಲದ ಹೆಸರು ನಬುಕೀರ. ತಂದೆತಾಯಿ ಇಲ್ಲದ ಹುಡುಗಿ, ಲೆಕ್ಕದಲ್ಲಿ ಮೇಷ್ಟ್ರ ತಪ್ಪನ್ನೇ ಹಿಡಿಯುವಷ್ಟು ಚುರುಕು. ಅರ್ಜಿ ಇಂದು ಸಂಜೆ ಐದರೊಳಗೆ ಮಸಾಕ ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ನಸಾಲಿಯಮ್ಮನ ಕೈ ಸೇರಬೇಕು. ಅರ್ಜಿ ನೋಡಿ ಸಂಘಕ್ಕೆ ಕಳಿಸುವ ಬಿಟ್ಟಿ ಕೆಲಸ ಆಕೆಯದು, ಸೀಲಿಲ್ಲದ ಅರ್ಜಿಯನ್ನು ಆಕೆ ಮುಟ್ಟುವುದೂ ಇಲ್ಲ.

"ಸೀಲು ಕೋಟಲ್ಲಿದೆ. ಕೋಟು ಬೊಸ್ಸನ ಮೈಮೇಲಿದೆ. ಬೊಸ್ಸ ನಮ್ಮ ಸೆಂಪನಿಗೆ ಹೆಣ್ಣು ಕೇಳೋಕೆ ಹೋಗಿದ್ದಾನೆ," ಎಂದರು ಅಧ್ಯಕ್ಷರು, ಬನಿಯನ್ನಿನಲ್ಲಿ ಕೂತು ಗೆಣಸು ತಿನ್ನುತ್ತ. "ನಾಳೆ ಬನ್ನಿ ಮೇಷ್ಟ್ರೇ."

"ನಾಳೆ ಬಂದ್ರೆ ಆ ಹುಡುಗಿ ಬಾಳೆತೋಟ ಅಗೀತಾ ಉಳೀತಾಳೆ. ಇವತ್ತೇ ಹಾಕಿಸ್ತೀನಿ, ನೋಡ್ತಿರಿ!"

ಸೆಂಪ ನಬುಕೀರಳ ಸ್ವಂತ ಅಣ್ಣ, ಬಾಡಿಗೆ ಬೈಕು ಓಡಿಸಿ ಹೊಟ್ಟೆ ಹೊರೆಯುವವನು. ಅವನು ಹೆಣ್ಣು ಕೇಳುವ ಶಾಸ್ತ್ರಕ್ಕೆ ಊರೇ ಕೈಜೋಡಿಸಿತ್ತು: ಒಬ್ಬರು ಕೋಳಿ, ಒಬ್ಬರು ಸಕ್ಕರೆ, ಗಂಡಿನ ಕಡೆಯ ಮಾತುಗಾರನಾಗಿ ಹೊರಟ ಬೊಸ್ಸನಿಗೆ ಅಧ್ಯಕ್ಷರು ಕೋಟು. ಮೇಷ್ಟ್ರಿಗೂ ಕರೆ ಇತ್ತು, ಅರ್ಜಿಯ ನೆಪ ಹೇಳಿ ತಪ್ಪಿಸಿಕೊಂಡಿದ್ದರು.

ಹೆಣ್ಣಿನ ಊರಿಗೆ ಹೋಗಲು ಸಿಕ್ಕಿದ ಬೈಕಿನ ಟೈರು ಅರ್ಧ ದಾರಿಯಲ್ಲಿ ಠುಸ್ಸೆಂದಿತು. ಆಮೇಲೆ ಹಲಸಿನ ಹಣ್ಣಿನ ಲಾರಿ. ಹಲಸಿನ ಮೇಲೆ ಎರಡು ತಾಸು ಕೂತು ಬಂದವರ ಕಷ್ಟ ಕೂತವರಿಗೇ ಗೊತ್ತು. ಮೇಷ್ಟ್ರು ಹಲ್ಲು ಕಚ್ಚಿ, ಅರ್ಜಿಯನ್ನು ಮಡಿಸದೆ ಎದೆಗೊತ್ತಿಕೊಂಡು ಕೂತಿದ್ದರು.

ಹೆಣ್ಣಿನ ಮನೆ ಬಾಗಿಲಲ್ಲಿ ಗಂಡಿನ ಕಡೆಯವರು ಬಿಳಿ ನಿಲುವಂಗಿ ತೊಟ್ಟು ಸಾಲಾಗಿ ನಿಂತು ಬೆವರುತ್ತಿದ್ದರು. ಹೆಣ್ಣಿನ ಕಡೆಯ ಹೆಂಗಸರು ದಾರಿ ಬಿಟ್ಟಿರಲಿಲ್ಲ.

"ಗಂಡಸರು ಇಪ್ಪತ್ತು ಅಂದಿದ್ರಿ, ಹತ್ತೊಂಬತ್ತೇ ಇದೀರಿ. ನಮ್ಮ ಹುಡುಗಿ ಅಷ್ಟು ಅಗ್ಗಾನಾ?"

ಸೆಂಪನಿಗೆ ಚಿಕ್ಕಪ್ಪ ಇರಲಿಲ್ಲ. ಆ ಜಾಗಕ್ಕೆ ಗೊತ್ತುಮಾಡಿದ್ದ ನೆರೆಯವನಿಗೆ ಹೊಟ್ಟೆ ಕೆಟ್ಟು ಅವನು ನಿಲುವಂಗಿ ಬಿಚ್ಚಿಟ್ಟು ಬಾಳೆತೋಟದೊಳಗೆ ಮರೆಯಾಗಿದ್ದ. ಮೇಷ್ಟ್ರನ್ನು ಕಂಡು ಬೊಸ್ಸನಿಗೆ ಹೋದ ಜೀವ ಬಂದಂತಾಯಿತು.

"ಬೊಸ್ಸ, ಆ ಸೀಲು..."

"ಕೊಡ್ತೀನಿ ಮೇಷ್ಟ್ರೇ, ಮೊದಲು ಸಾಲಿಗೆ ಬನ್ನಿ. ಇವರ ಕೈ ಎತ್ರೋ, ಅಂಗಿ ಹಾಕ್ರೋ!"

ನೆರೆಯವನು ಕುಳ್ಳ, ಮೇಷ್ಟ್ರು ಆರಡಿ. ನಿಲುವಂಗಿ ಮೊಣಕಾಲಿಗೇ ನಿಂತಿತು.

ಒಳಗೆ ಎಲ್ಲರ ಪರಿಚಯ ಶುರುವಾಯಿತು. ಹೆಣ್ಣಿನ ಕಡೆಯ ಮಾತುಗಾರ ರಾಜಧಾನಿ ಕಂಪಾಲದಿಂದ ಕರೆಸಿದವನು, ನಾಲಿಗೆ ಚಾಕುವಿನ ಹಾಗೆ.

"ಈ ಗಿಡ್ಡಂಗಿಯವರು ಯಾರಪ್ಪಾ? ದಾರೀಲಿ ಹೊಳೆ ದಾಟಿ ಬಂದ್ರಾ?"

"ಗಂಡಿನ ಸ್ವಂತ ಚಿಕ್ಕಪ್ಪ," ಎಂದ ಬೊಸ್ಸ. "ನಮ್ಮ ಅಣಬೆ ಕುಲದ ಹಿರಿಯರು. ಸರ್ಕಾರಿ ಮೇಷ್ಟ್ರು. ತಿಂಗಳ ಸಂಬಳ!"

ಚಪ್ಪಾಳೆ ಬಿತ್ತು. "ಅವರ ಬಾಯಲ್ಲೇ ಕೇಳೋಣ!"

ಮೇಷ್ಟ್ರು ಎದ್ದರು. ಕಣ್ಣು ಬೊಸ್ಸನ ಒಳಜೇಬಿನ ಮೇಲೆ. ಇದು ಬೇಗ ಮುಗಿಯಲಿ ಎಂದು ಕೂಗಿ ಹೇಳಿದರು: "ಹೌದು! ನಮ್ಮಣ್ಣನ ಮಕ್ಕಳೆಲ್ಲ ನನ್ನ ಮಕ್ಕಳೇ!"

ಕೂತಾಗ ಹೆಣ್ಣಿನ ಸೋದರತ್ತೆಯರ ಸಾಲಿನಲ್ಲಿ ಕನ್ನಡಕದ ಒಂದು ಮುಖ ಕಂಡಿತು. ನಸಾಲಿಯಮ್ಮ! ಮೇಷ್ಟ್ರಿಗೆ ಸ್ವರ್ಗವೇ ಸಿಕ್ಕಿತು. ಪೇಟೆಗೆ ಹೋಗುವ ಕೆಲಸವೇ ತಪ್ಪಿತು.

ಊಟಕ್ಕೆ ಬೇಯಿಸಿದ ಬಾಳೆ, ಅದರ ಮೇಲೆ ಮೇಷ್ಟ್ರಿಗೆ ಪ್ರಾಣವಾದ ಅಣಬೆ ಸಾರು. ತುತ್ತು ಬಾಯಿಗೆ ಹೋಗುವಷ್ಟರಲ್ಲಿ ಬಡಿಸುವವಳು ತಟ್ಟೆ ಕಿತ್ತುಕೊಂಡಳು.

"ಅಯ್ಯಯ್ಯೋ! ಅಣಬೆ ಕುಲದವರು ಅಣಬೆ ತಿಂತಾರಾ? ಕುಲದ ಹೆಸರಿನದನ್ನ ತಿಂದ್ರೆ ಪಾಪ ಬಂದೀತು ಹಿರಿಯರೇ!"

ಅವರು ಬರೀ ಬಾಳೆ ನುಂಗಿದರು. ನಾಲ್ಕೂವರೆಗೆ ಬೊಸ್ಸ ಅಂತೂ ಸೀಲು ತೆಗೆದ. ಮೇಷ್ಟ್ರು ಅದನ್ನು ಅರ್ಜಿಗೆ ಒತ್ತಿ, ಊದಿ ಒಣಗಿಸಿ, ನಸಾಲಿಯಮ್ಮನ ಮುಂದೆ ಹಿಡಿದರು.

ಆಕೆ ಅಕ್ಷರಕ್ಷರ ಓದಿದಳು. "ಸೀಲು ಚೆನ್ನಾಗಿ ಬಿದ್ದಿದೆ. ಕೊನೇ ಸಾಲು ನೀವೇ ಓದಿ."

"'ಈ ಮಗುವಿಗೆ ತಿಂಗಳ ಸಂಬಳದ ಬಂಧು ಯಾರೂ ಇಲ್ಲ.' ಸಂಘದ ಷರತ್ತು ಅದೇ ಅಂತ ನಾನೇ ಬರೆದಿದ್ದು."

"ಇದ್ದಾರಲ್ಲ! ಇನ್ನೂರು ಜನರ ಮುಂದೆ ಎದ್ದು ನಿಂತು ಹೇಳಿದ್ರಲ್ಲ! ಸೆಂಪನಿಗೆ ಚಿಕ್ಕಪ್ಪ ಆದ್ರೆ ಅವನ ತಂಗಿಗೆ ಏನಾಗ್ಬೇಕು?"

"ಅಯ್ಯೋ ತಾಯೀ, ಅದು ಶಾಸ್ತ್ರಕ್ಕೆ ಹೇಳಿದ್ದು!"

"ಹಾಗಾದ್ರೆ ಸುಳ್ಳು ಚಿಕ್ಕಪ್ಪನ್ನ ನಿಲ್ಲಿಸಿ ನಮ್ಮ ಹುಡುಗೀನ ಕೇಳಿದ್ರಾ? ಅಣ್ಣಾ! ಸ್ವಲ್ಪ ಇಲ್ಲಿ ಬಾ!"

ಹೆಣ್ಣಿನ ತಂದೆ ತಿರುಗಿ ನೋಡಿದರು. ಬೊಸ್ಸ ಕೋಟಿನೊಳಗೇ ಕುಗ್ಗಿದ. ಹೆಣ್ಣಿನ ಪಕ್ಕ ಕೂತಿದ್ದ ಸೆಂಪನ ಮುಖ ಸುಣ್ಣದಂತಾಯಿತು. ಅಲ್ಲ ಎಂದರೆ ಮದುವೆ ಮುರಿಯುತ್ತದೆ, ಹೌದು ಎಂದರೆ ನಬುಕೀರಳ ಓದು ನಿಲ್ಲುತ್ತದೆ.

"ಹೇಳಿ ಮೇಷ್ಟ್ರೇ. ಚಿಕ್ಕಪ್ಪನೋ, ಅಲ್ವೋ?" ಎಂದಳು ನಸಾಲಿಯಮ್ಮ.

ಆ ಹುಡುಗಿಯನ್ನು ಓದಿಸಿಯೇ ತೀರುತ್ತೇನೆಂದು ಹೊರಟವರು ಅವರು. ಬೆನ್ನು ನೆಟ್ಟಗೆ ಮಾಡಿದರು. "ಚಿಕ್ಕಪ್ಪನೇ! ಸೋಮವಾರ ನಾನೇ ಅವಳನ್ನ ಹೈಸ್ಕೂಲಿಗೆ ಸೇರಿಸ್ತೀನಿ, ನನ್ನ ಸಂಬಳದಲ್ಲಿ. ನಿಮ್ಮ ಸಂಘ ಬೇರೆ ಮಗು ನೋಡ್ಕೊಳ್ಳಲಿ."

ಹೇಳಿದ ಮೇಲೆ ಮೇಷ್ಟ್ರಿಗೆ ತಮ್ಮ ದನಿ ಕೇಳಿಯೇ ದಿಗಿಲಾಯಿತು. ನಸಾಲಿಯಮ್ಮ ಮಾತ್ರ ಕಣ್ಣೊರೆಸಿಕೊಂಡು ಅರ್ಜಿಯನ್ನು ಹಿಂದಕ್ಕೆ ಕೊಟ್ಟಳು.

ಗಂಡಿನ ಕಡೆಯ ಹೆಂಗಸರ ಜೊತೆ ಕೂತಿದ್ದ ನಬುಕೀರ ಓಡಿಬಂದು ಅವರ ಮುಂದೆ ಮಂಡಿಯೂರಿದಳು. ಪಟ್ಟ ಪಾಡೆಲ್ಲ ಸಾರ್ಥಕವಾಯಿತು ಎಂದುಕೊಂಡು ಮೇಷ್ಟ್ರು ಅವಳ ತಲೆ ಸವರಿ ಕಣ್ಣೆತ್ತಿದರೆ, ಅವಳ ಹಿಂದೆ ಅವಳ ಮೂವರು ತಂಗಿಯರು ಎತ್ತರದ ಪ್ರಕಾರ ಸಾಲಾಗಿ ಮಂಡಿಯೂರಿದ್ದರು.

"ಚಿಕ್ಕಪ್ಪಾ," ಎಂದಳು ಮೊದಲನೆಯವಳು, "ಬರೋ ವರ್ಷ ನಾನು."