ಆಶ್ರಮದ ಉತ್ತರ ದಿಕ್ಕು

೧೯೫೮ನೇ ಇಸವಿ ಜೂನ್ ಒಂಬತ್ತನೇ ತಾರೀಖು, ಸೋಮವಾರ. ಮೋಡ ಕವಿದಿತ್ತು, ಗಾಳಿ ಜೋರಾಗಿತ್ತು, ಮಳೆ ಬರಲಿಲ್ಲ. ಆ ದಿನ ಅರಸೀಕೆರೆಯ ವೃದ್ಧರ ಆಶ್ರಮದ ಸಮಿತಿಯು, ಆಶ್ರಮದ ಆವರಣದೊಳಗೆ ಉತ್ತರ ದಿಕ್ಕನ್ನು ಇನ್ನು ಮುಂದೆ ದಕ್ಷಿಣವೆಂದು ಭಾವಿಸತಕ್ಕದ್ದೆಂದು ಸರ್ವಾನುಮತದಿಂದ ತೀರ್ಮಾನಿಸಿತು.

ನಿರ್ಣಯದ ಭಾಷೆ ಮೇಲ್ವಿಚಾರಕ ಭಾಷ್ಯಂ ಅವರದು. ಅವರು ಕರುಣೆಯ ವಿಚಾರವಾಗಿ ಮೂರು ಭಾಷೆಗಳಲ್ಲಿ ಓದಿಕೊಂಡಿದ್ದವರು. ಕರುಣೆಗೆ ಇಷ್ಟು ಅಚ್ಚುಕಟ್ಟಾದ ವಾಕ್ಯ ಆವರೆಗೆ ಯಾರೂ ಬರೆದಿರಲಾರರೆಂದು ಅವರಿಗೆ ಅನ್ನಿಸಿತು.

ಇಷ್ಟಕ್ಕೆ ಕಾರಣ ಗೆಂಡೆಹಳ್ಳಿಯ ಮುದ್ದಮ್ಮನ ಬೆನ್ನು. ಸೊಂಟ ಮುರಿದು ಮಲಗಿದ ಆ ಮುದುಕಿಯ ಬೆನ್ನಿನಲ್ಲಿ ಹುಣ್ಣಾಗಿತ್ತು. ನರ್ಸ್ ಮರಿಯಮ್ಮ ಹಿಂದಿನ ವಾರವೇ ಬಂದು ಹೇಳಿದ್ದಳು.

"ಸಾರ್, ಮಗ್ಗುಲು ಹೊರಳಿಸ್ತಾನೇ ಇರ್ಬೇಕು. ಮಂಚ ಗೋಡೆಗೆ ಅಂಟ್ಕಂಡೈತೆ, ಆ ಕಡೆಯಿಂದ ಹಿಡಿಯೋಕಾಗಲ್ಲ. ಉದ್ದಕ್ಕೆ ತಿರುಗಿಸಿ ಹಾಕ್ಸಿ. ಜೊತೆಗೆ ಹಿಡಿಯೋಕೆ ಇನ್ನೊಬ್ಬಳು ಬೇಕು."

ಇನ್ನೊಬ್ಬಳ ಏರ್ಪಾಟು ಸುಲಭವಾಗಿ ಆಯಿತು. ಬಾಣಾವರದ ವಿಶಾಲಮ್ಮನ ನೇಮಕಕ್ಕೆ ಮಂಜೂರಾತಿ ಬಂತು; ಮಂಚ ತಿರುಗಿದ ಮೇಲೆ ಅವಳು ಕೆಲಸಕ್ಕೆ ಸೇರುವುದೆಂದಾಯಿತು. ಕಷ್ಟವಾದದ್ದು ಮಂಚ. ಕೋಣೆ ಕಿರಿದು. ಉದ್ದಕ್ಕೆ ಹಾಕಿದರೆ ಒಂದೋ ಮುದ್ದಮ್ಮನ ತಲೆ ಉತ್ತರಕ್ಕೆ ಬರಬೇಕು, ಇಲ್ಲವೇ ಕಾಲು. ಉತ್ತರಕ್ಕೆ ತಲೆ ಹಾಕುವುದು ಹೆಣ ಮಾತ್ರ. ಕಾಲು ಚಾಚೋಣವೆಂದರೆ ಆ ಉತ್ತರದ ಗೋಡೆಯ ಮೇಲೆ ಅಧ್ಯಕ್ಷರಾದ ಕೊಬ್ಬರಿ ಮಂಡಿ ಏಕಾಂತಯ್ಯನವರ ತೀರ್ಥರೂಪರ ಫೋಟೋ ಇತ್ತು.

"ಫೋಟೋನೇ ಈಚೆ ಗೋಡೆಗೆ ಹಾಕಿದ್ರೆ?" ಎಂದಿದ್ದಳು ಮರಿಯಮ್ಮ. ಈ ಸಲಹೆಯನ್ನು ಸಭೆಯ ಗಮನಕ್ಕೆ ತರುವುದು ಉಚಿತವಲ್ಲವೆಂದು ಭಾಷ್ಯಂ ಭಾವಿಸಿದರು. ಅವರ ನೇಮಕವೂ ಏಕಾಂತಯ್ಯನವರಿಂದಲೇ ಆದದ್ದು. ಆದ್ದರಿಂದ ಫೋಟೋ ಬಿಟ್ಟು ದಿಕ್ಕನ್ನು ಸರಿಸಲು ನಿರ್ಧರಿಸಿದರು.

ಸಭೆಯಲ್ಲಿ ನಿವೃತ್ತ ಹೆಡ್ಮಾಸ್ಟರ್ ಗೋಪಾಲಸ್ವಾಮಿ ಒಬ್ಬರೇ ತಗಾದೆ ತೆಗೆದರು.

"ಅಲ್ಲ ಕಣ್ರೀ ಭಾಷ್ಯಂ, ಸೂರ್ಯ ಎಲ್ಲಿ ಹುಟ್ಟಬೇಕು?"

"ಸೂರ್ಯ ಸಮಿತಿಯ ವ್ಯಾಪ್ತಿಗೆ ಬರೋದಿಲ್ಲ ಸಾರ್. ಅವನಿಗೆ ನಾವೇನೂ ನಿರ್ಬಂಧ ಹಾಕ್ತಿಲ್ಲ."

"ಹಾಗಾದ್ರೆ ಸರಿ," ಎಂದು ಹೆಡ್ಮಾಸ್ಟರು ಕಾಫಿ ತೆಗೆದುಕೊಂಡರು.

ಏಕಾಂತಯ್ಯನವರು ಮಾತ್ರ ಮುಖ್ಯವಾದುದನ್ನು ಕೇಳಿದರು. "ನಮ್ಮಪ್ಪಾರು ಇದ್ದಲ್ಲೇ ಇರ್ತಾರೆ ತಾನೆ?"

"ಅವರು ಇದ್ದಲ್ಲೇ ಇರ್ತಾರೆ. ದಿಕ್ಕು ಮಾತ್ರ ಹೋಗುತ್ತೆ."

ನಿರ್ಣಯ ಮೇಲಿನ ಕಚೇರಿಗೆ ಹೋಯಿತು. ಅಲ್ಲಿಂದ ಉತ್ತರ ಬರುವವರೆಗೆ ಮಂಚ ಅಲುಗಿಸುವಂತಿರಲಿಲ್ಲ. ಮರಿಯಮ್ಮ ಒಬ್ಬಳೇ ಗೋಡೆಗೂ ಮಂಚಕ್ಕೂ ನಡುವೆ ಕೈ ತೂರಿಸಿ ಹೊರಳಿಸಲು ಹೆಣಗುತ್ತಿದ್ದಳು. ಹುಣ್ಣು ಅಗಲವಾಯಿತು.

"ಏನ್ ಸಾಮಿ, ನನ್ ತಲೆ ಯಾವಾಗ ತೆಂಕ್ಲಿಗಾಗೋದು?" ಎಂದು ಮುದ್ದಮ್ಮ ಕೇಳುತ್ತಿದ್ದಳು.

"ದಕ್ಷಿಣ ಇನ್ನೂ ಪರಿಶೀಲನೆಯಲ್ಲಿದೆ, ಮುದ್ದಮ್ಮ."

ಕೊನೆಗೆ ಆದೇಶ ಬಂತು. "ತಾತ್ವಿಕವಾಗಿ ಆಕ್ಷೇಪಣೆ ಇರುವುದಿಲ್ಲ. ಆದರೆ ಉತ್ತರವು ದಕ್ಷಿಣವಾದ ಮೇಲೆ, ಪೂರ್ವ ಮತ್ತು ಪಶ್ಚಿಮಗಳು ತಮ್ಮ ಹಳೆಯ ಸ್ಥಾನಗಳಲ್ಲಿ ಮುಂದುವರಿಯಲು ಅವಕಾಶವಿರುವುದಿಲ್ಲ. ನಾಲ್ಕೂ ದಿಕ್ಕುಗಳಿಗೆ ಕಲ್ಲು ನೆಡಿಸಿ, ಎಂಜಿನಿಯರರಿಂದ ದೃಢೀಕರಣ ಪಡೆದ ನಂತರವೇ ಮಂಚವನ್ನು ಸರಿಸತಕ್ಕದ್ದು."

ಪೂರ್ವ ಪಶ್ಚಿಮಗಳೂ ಅದಲುಬದಲಾದ್ದರಿಂದ ಅಡಿಗೆಮನೆ ಆಗ್ನೇಯದಿಂದ ವಾಯವ್ಯಕ್ಕೆ ಬಂತು. ವಾಯುಮೂಲೆಯಲ್ಲಿ ಒಲೆ ಹೊತ್ತಿಸುವುದಿಲ್ಲವೆಂದು ಅಡಿಗೆಯ ಚೆಲುವಾಂಬ ಸೌಟು ಕೆಳಗಿಟ್ಟರು. ಒಲೆ ಒಡೆದು, ಈಗ ಆಗ್ನೇಯವಾಗಿದ್ದ ಹಳೆಯ ಬಚ್ಚಲಿನ ಕಡೆ ಕಟ್ಟಿಸಬೇಕಾಯಿತು. ಪುರೋಹಿತರಾದ ಅನಂತಸ್ವಾಮಿಗಳು ಬೇಲೂರಿನಿಂದ ಬಂದು ದಿಕ್ಪಾಲಕರಿಗೆ ಶಾಂತಿ ಮಾಡಿದರು. ಎಂಟು ಜನ ದಿಕ್ಪಾಲಕರೂ ಸ್ಥಳ ಬದಲಿಸಬೇಕಾದ್ದರಿಂದ ದಾನಕ್ಕೆ ಎಂಟು ಪಂಚೆಯಾಯಿತು. ಎಂಜಿನಿಯರರು ದಿಕ್ಸೂಚಿ ತಂದರು. ಅದರ ಮುಳ್ಳು ಹಳೆಯ ಉತ್ತರವನ್ನೇ ಹಿಡಿದುಕೊಂಡಿತ್ತು. ಆದೇಶವನ್ನು ಎರಡು ಸಲ ಓದಿ, "ಉಪಕರಣ ದೋಷಪೂರಿತ" ಎಂದು ಬರೆದು, ಹೊಸದಕ್ಕೆ ಬಿಲ್ಲು ಹಾಕಿ ಹೋದರು.

ಇಷ್ಟಕ್ಕೂ ಹಣ ಎಲ್ಲಿಂದ? ಸಮಿತಿ ಭಾಷ್ಯಂ ಅವರ ಮುಖ ನೋಡಿತು. ಸಮಸ್ಯೆ ರೋಗಿಯ ಹಾಸಿಗೆಯಿಂದ ಹುಟ್ಟಿದ್ದು, ಆದ್ದರಿಂದ ಖರ್ಚು ಶುಶ್ರೂಷೆಯ ಬಾಬ್ತಿಗೆ ಸೇರಬೇಕೆಂದು ಅವರು ಸೂಚಿಸಿದರು. ಆ ಬಾಬ್ತಿನಲ್ಲಿ ಏನಿತ್ತೆಂದು ಅವರಿಗೆ ಗೊತ್ತಿತ್ತು. ಆದರೂ ತರ್ಕ ಅಷ್ಟು ಚೆನ್ನಾಗಿ ಕೂಡಿಬಂದದ್ದರಿಂದ ತಡೆಯಲಾಗಲಿಲ್ಲ. ಏಕಾಂತಯ್ಯನವರು ಬೆನ್ನು ತಟ್ಟಿದರು. "ಓದಿದೋರು ಅಂದ್ರೆ ಹಿಂಗಿರ್ಬೇಕು ಕಣ್ರೀ."

ಮಂಚ ತಿರುಗಿತು. ಮುದ್ದಮ್ಮ ಅಧಿಕೃತ ದಕ್ಷಿಣಕ್ಕೆ ತಲೆಯಿಟ್ಟು ಮಲಗಿದಳು. ಎರಡು ಕಡೆಯೂ ಜಾಗವಾಯಿತು. ಒಂದು ಕಡೆ ಮರಿಯಮ್ಮ ನಿಂತಳು. ಇನ್ನೊಂದು ಕಡೆ ಯಾರೂ ಇಲ್ಲದ್ದರಿಂದ, ಪಂಚೆ ಎತ್ತಿಕಟ್ಟಿ, ಭಾಷ್ಯಂ ನಿಂತರು.

"ಸೊಂಟದ ಕೆಳಗೆ ಕೈ ಕೊಡಿ ಸಾರ್. ಎಳೀಬೇಡಿ, ಎತ್ತಿ," ಎಂದಳು ಮರಿಯಮ್ಮ.

"ಅಯ್ಯಪ್ಪಾ! ಮೆತ್ತಗೆ ಸಾಮಿ, ನಾನೇನು ಪುಸ್ತಕದ ಹಾಳೆನಾ?" ಎಂದಳು ಮುದ್ದಮ್ಮ. ಹೊರಳಿದ ಮೇಲೆ ಉಸಿರು ಬಿಟ್ಟು ಕೇಳಿದಳು. "ವಿಶಾಲಮ್ಮ ಬತ್ತಾಳೆ ಅಂದಿದ್ರಲ್ಲ, ಎಲ್ಲಿ?"

"ಬರೋದಿಲ್ಲ."

"ಯಾಕೆ?"

ಭಾಷ್ಯಂ ಮುದುಕಿಯ ಬೆನ್ನಿನ ಕಡೆ ನೋಡಿದರು. "ಈ ದಿಕ್ಕಿಗೆ ಖರ್ಚಾಯ್ತು, ಮುದ್ದಮ್ಮ. ವಿಶಾಲಮ್ಮನ ಒಂದು ವರ್ಷದ ಸಂಬಳ. ಪೂರ್ತಿ."

ಮುದ್ದಮ್ಮ ದಿಂಬಿನ ಮೇಲೆ ತಲೆಯನ್ನು ಸರಿಯಾಗಿ ಇಟ್ಟುಕೊಂಡಳು.

"ಅಷ್ಟು ಕೊಟ್ಟವ್ರೆ ಅಂದ ಮ್ಯಾಲೆ," ಎಂದಳು, "ಇದು ತೆಂಕ್ಲೇ ಇರ್ಬೇಕು ಬಿಡಿ."